ತಿರುಗದ ಚೆಂಡು

ನನ್ನ ಓರಗಿತ್ತಿಯನ್ನು ಥ್ರೋಬಾಲ್ ಕೋರ್ಟಿನಲ್ಲಿ ಮಾತ್ರ ನೋಡಿದವರು ಅಡುಗೆಮನೆಯಲ್ಲಿ ನೋಡಿದರೆ ಇವರು ಬೇರೆ ಯಾರೋ ಅಂದುಕೊಳ್ಳಬೇಕು. ಮನೆಯಲ್ಲಿ ಆಕೆ ನಿಧಾನಸ್ಥೆ. ಒಂದು ಕಟ್ಟು ಸೊಪ್ಪು ಬಿಡಿಸಲು ಕೂತರೆ ಒಂದು ಧಾರಾವಾಹಿ ಪೂರ್ತಿ ಮುಗಿಯುತ್ತದೆ. ಕೋರ್ಟಿನಲ್ಲಿ ಆಕೆ ಸರ್ವಿಸ್ ಮಾಡಲು ಗೆರೆಯ ಹಿಂದೆ ನಿಂತರೆ ಎದುರಿನ ಹೆಂಗಸರು ದುಪಟ್ಟಾ ಬಿಗಿ ಮಾಡಿಕೊಳ್ಳುತ್ತಿದ್ದರು.

ವಿಜಯನಗರದ ನಮ್ಮ ಮನೆಯಲ್ಲಿ ಕೆಳಗೆ ಅವರು, ಮೇಲೆ ನಾವು. ಗಂಡಂದಿರು ಅಣ್ಣ ತಮ್ಮ. ಆಕೆ ದೊಡ್ಡವಳಾದ್ದರಿಂದ ನಾನು ಅಕ್ಕ ಅನ್ನುತ್ತೇನೆ, ನೀವು ಅನ್ನುತ್ತೇನೆ. ನಮ್ಮಿಬ್ಬರ ನಡುವೆ ಜನ ಕೊಂಡಾಡುವಂಥ ಪ್ರೀತಿಯೇನೂ ಇರಲಿಲ್ಲ. ಜಗಳವೂ ಇರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕೆಳಗಿನಿಂದ ಮೇಲೆ ಬರುತ್ತಿತ್ತು, ನೀರಿನ ಮೋಟಾರು ಹಾಕಿದ ಸುದ್ದಿ ಮೇಲಿನಿಂದ ಕೆಳಗೆ ಹೋಗುತ್ತಿತ್ತು. ಇದರಲ್ಲೇ ವರ್ಷಗಳು ಕಳೆದಿದ್ದವು. ಬಡಾವಣೆಯ ಹೆಂಗಸರ ತಂಡಕ್ಕೆ ನನ್ನನ್ನು ಸೇರಿಸಿದ್ದೂ ಆಕೆಯೇ. ನಾನು ಆಡುವುದು ಅಷ್ಟಕ್ಕಷ್ಟೆ. ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕಾಯುವವರೂ ಒಬ್ಬರು ಬೇಕಲ್ಲ, ಆ ಕೆಲಸ ನನಗೆ ಒಗ್ಗಿತ್ತು.

ಥ್ರೋಬಾಲಿನ ನಿಯಮ ಸುಲಭ. ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿಯಬೇಕು, ಹಿಡಿದವರೇ ತಕ್ಷಣ ಒಂದು ಕೈಯಲ್ಲಿ ನೆಟ್ಟಿನ ಆಚೆ ಎಸೆಯಬೇಕು. ತನ್ನ ತಂಡದವರಿಗೆ ದಾಟಿಸುವಂತಿಲ್ಲ. ಎಸೆಯುವ ಕೈ ಭುಜಕ್ಕಿಂತ ಮೇಲಿರಬೇಕು. ಹಿಡಿಯದೆ ಬಿಟ್ಟರೆ ಎದುರಿನವರಿಗೆ ಪಾಯಿಂಟು. ಅಕ್ಕನ ಸರ್ವಿಸ್ ನೆಟ್ಟಿನ ಮೇಲೆ ಎತ್ತರದಲ್ಲಿ ಹೋಗುತ್ತಿತ್ತು. ಇದು ಗೆರೆಯಾಚೆಗೇ ಬೀಳುವುದು ಎಂದು ಎದುರಿನವರು ಕೈ ಬಿಡುವಷ್ಟರಲ್ಲಿ ಅದು ಗಕ್ಕನೆ ಬಾಗಿ ಗೆರೆಯ ಒಳಗೇ ಬೀಳುತ್ತಿತ್ತು. ನೋಡುವವರು ಕೈಚಳಕ ಅನ್ನುತ್ತಿದ್ದರು. ನಾನು ಮಾಗಡಿ ರೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ನನಗೆ ಅದರ ಕಾರಣ ಗೊತ್ತಿತ್ತು. ಚೆಂಡು ಬಿಡುವಾಗ ಅಕ್ಕ ಬೆರಳುಗಳನ್ನು ಅದರ ನೆತ್ತಿಯ ಮೇಲಿಂದ ಮುಂದಕ್ಕೆ ಎಳೆಯುತ್ತಿದ್ದಳು. ಹಾಗೆ ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹಾರುವ ಚೆಂಡು ತನ್ನ ಸುತ್ತ ಹಾಯುವ ಗಾಳಿಯನ್ನು ಹಿಂದೆ ಬಿಡುವಾಗ ಮೇಲಕ್ಕೆ ತಳ್ಳಿ ಬಿಡುತ್ತದೆ. ಗಾಳಿಯನ್ನು ಮೇಲೆ ತಳ್ಳಿದ್ದು ತಾನು ಕೆಳಗೆ ಬರಲೇಬೇಕು. ಹಿಂದಕ್ಕೆ ತಿರುಗಿದರೆ ಉಲ್ಟಾ, ಚೆಂಡು ಇಳಿಯಲು ಮನಸ್ಸಿಲ್ಲದಂತೆ ತೇಲುತ್ತಾ ದೂರ ಹೋಗುತ್ತದೆ. ಪಕ್ಕಕ್ಕೆ ತಿರುಗಿದರೆ ಪಕ್ಕಕ್ಕೆ ವಾಲುತ್ತದೆ. ಇದನ್ನೆಲ್ಲ ಒಮ್ಮೆ ಅಕ್ಕನಿಗೆ ವಿವರಿಸಲು ಹೋಗಿದ್ದೆ. "ಸರಿ ಕಣೇ, ಆ ಹುಣಸೆಹಣ್ಣು ನೆನೆಹಾಕು," ಅಂದಳು.

ಹೋದ ವರ್ಷ ಆಕೆಯ ಬಲಗಡೆಯ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಆಮೇಲಿನ ಔಷಧಿಗಳಾದವು, ಕೂದಲು ಉದುರಿತು. ಆ ತಿಂಗಳುಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅವು ನನ್ನವಲ್ಲ. ಮನೆಗೆ ಬಂದವರೆಲ್ಲ ಎಳನೀರು ತಂದು, ಧೈರ್ಯ ಹೇಳಿ, ತಾವೇ ಅತ್ತು ಹೋಗುತ್ತಿದ್ದರು. ಅವರನ್ನು ಸಮಾಧಾನ ಮಾಡಿ ಕಳಿಸುವ ಕೆಲಸ ಅಕ್ಕನದು. ಆಕೆ ಆಗ ಒಂದೇ ಒಂದು ವಿಷಯಕ್ಕೆ ಸಿಟ್ಟಾಗುತ್ತಿದ್ದಳು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಿಂದ ಬಲಗೈ ಮೇಲೆ ಏಳುತ್ತಿರಲಿಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಹತ್ತಿಸುವ ವ್ಯಾಯಾಮ ಕೊಟ್ಟಿದ್ದರು. ಹಾಲ್‌ನ ಗೋಡೆಯ ಸುಣ್ಣ ಒಂದು ಪಟ್ಟಿಯಷ್ಟು ಅಗಲಕ್ಕೆ ಕೊಳೆಯಾಯಿತು. ಕೊನೆಗೆ ಮೊಣಕೈ ಭುಜದ ಮಟ್ಟಕ್ಕೆ ಬಂತು, ಅಲ್ಲಿಗೆ ನಿಂತಿತು.

ಇನ್ನು ಆಡುವುದು ಮುಗಿಯಿತು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ತಂಡದ ನಾಯಕಿ ಮೆಡಿಕಲ್ ಸ್ಟೋರ್ ನಡೆಸುವ ಹೆಂಗಸು. ಒಳ್ಳೆಯವರು, ಎಲ್ಲರ ಬಿ.ಪಿ.ಯೂ ಅವರಿಗೆ ಗೊತ್ತು. ರಾಜ್ಯೋತ್ಸವದ ಪಂದ್ಯಕ್ಕೆ ಅಕ್ಕನನ್ನು ಗೌರವ ನಾಯಕಿ ಮಾಡೋಣ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸೋಣ ಎಂದು ಹೇಳಲು ಅವರೇ ಮನೆಗೆ ಬಂದರು.

"ಕೂರೋಕೆ ಮನೇಲಿ ಸೋಫಾ ಇದೆಯಲ್ಲಾ," ಅಂದಳು ಅಕ್ಕ. "ನಾನು ಆಡ್ತೀನಿ. ಆಗ್ಲಿಲ್ಲ ಅಂದ್ರೆ ನೀವೇ ತೆಗೀರಿ. ಆದ್ರೆ ಆಡಿಸಿ ನೋಡಿ ತೆಗೀರಿ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಪಾರ್ಕಿಗೆ ಬರ್ತೀಯಾ?" ಅಂದಳು. ಇದು ಹುಚ್ಚುತನ ಎಂದು ನನಗೆ ಅನ್ನಿಸಿತು. ಹಾಗೆಂದು ಹೇಳಿಯೂ ಹೇಳಿದೆ. ಬೆಳಿಗ್ಗೆ ಹೋದೆ.

ಪಾರ್ಕಿನಲ್ಲಿ ಆ ಹೊತ್ತಿಗೆ ನಗುವ ಸಂಘದವರು ಕೈ ಮೇಲೆತ್ತಿ ನಗುತ್ತಿರುತ್ತಾರೆ. ವಾಕಿಂಗ್ ಮಾಡುವವರು ಒಂದು ಸುತ್ತಿಗೆ ಒಂದು ರಾಜಕೀಯ ಪಕ್ಷವನ್ನು ಮುಗಿಸುತ್ತಾರೆ. ಮೂಲೆಯ ಕೋರ್ಟಿನಲ್ಲಿ ನಾನು ನೆಟ್ಟಿನ ಆಚೆ, ಅಕ್ಕ ಈಚೆ. ಮೊದಲ ಕೆಲವು ದಿನ ಚೆಂಡು ನೆಟ್ಟನ್ನೂ ದಾಟಲಿಲ್ಲ. ಹಳೆಯ ರೀತಿಯಲ್ಲಿ ಬೆರಳು ಎಳೆಯಲು ತೋಳು ತಲೆಯ ಮೇಲೆ ಹೋಗಬೇಕು, ಅದು ಹೋಗುತ್ತಿರಲಿಲ್ಲ. ನೋಡುತ್ತಾ ನಿಲ್ಲುವುದು ನನಗೆ ಕಷ್ಟವಾಗುತ್ತಿತ್ತು. ಚೆಂಡು ಹೆಕ್ಕಿಕೊಡುವ ನೆಪದಲ್ಲಿ ಬೇರೆ ಕಡೆ ನೋಡುತ್ತಿದ್ದೆ.

ಆಮೇಲೆ ಆಕೆ ಎಸೆಯುವುದನ್ನು ಬಿಟ್ಟು ತಳ್ಳಲು ಶುರುಮಾಡಿದಳು. ಮೊಣಕೈಯನ್ನು ಭುಜದ ಮಟ್ಟದಲ್ಲಿಟ್ಟು, ಅಂಗೈಯನ್ನು ಚೆಂಡಿನ ಹಿಂದೆ ಸರಿಯಾಗಿ ಆನಿಸಿ, ಒಂದು ಹೆಜ್ಜೆ ಮುಂದಿಟ್ಟು, ಇಡೀ ಮೈಯ ಭಾರ ಹಾಕಿ ತಳ್ಳುವುದು. ಅಟ್ಟದ ಮೇಲಕ್ಕೆ ದೊಡ್ಡ ಡಬ್ಬ ತಳ್ಳುತ್ತೇವಲ್ಲ, ಹಾಗೆ. ಚೆಂಡು ನೆಟ್ಟು ದಾಟಿ ನನ್ನ ಎದೆಯ ನೇರಕ್ಕೆ ಬಂತು. ಹಿಡಿಯಲು ಕೈ ಚಾಚಿದೆ. ಅದು ನನ್ನ ಕಿವಿಯ ಪಕ್ಕದಲ್ಲಿ ಹೋಯಿತು. ಕನ್ನಡಕ ಒರೆಸಿಕೊಂಡೆ. ಇನ್ನೊಂದು ಬಂತು. ಎಡಕ್ಕೆ ಹೋಗುತ್ತಿದೆ ಎಂದು ಎಡಕ್ಕೆ ಸರಿದರೆ ಅದು ಮನಸ್ಸು ಬದಲಾಯಿಸಿ ಬಲಕ್ಕೆ ಬಂದು ನನ್ನ ಮೊಣಕೈಗೆ ಬಡಿಯಿತು.

"ಏನೇ, ಹಿಡಿಯೋದೂ ಮರೆತೋಯ್ತಾ?" ಅಂದಳು ಅಕ್ಕ.

ಮುಂದಿನದನ್ನು ನಾನು ಹಿಡಿಯಲು ಹೋಗದೆ ಸುಮ್ಮನೆ ನೋಡಿದೆ. ನಮ್ಮ ಚೆಂಡಿಗೆ ಹಳದಿ ಮತ್ತು ನೀಲಿ ಪಟ್ಟಿಗಳಿವೆ. ತಿರುಗುತ್ತಾ ಬರುವಾಗ ಎರಡೂ ಬಣ್ಣ ಕಲೆತು ಒಂದೇ ಮಬ್ಬಾಗಿ ಕಾಣುತ್ತದೆ. ಈಗ ನೀಲಿ ನೀಲಿಯಾಗಿ, ಹಳದಿ ಹಳದಿಯಾಗಿ ಹಾಗೇ ನಿಂತಿದ್ದವು. ಗಾಳಿ ತುಂಬುವ ತೂತು ಕೂಡ ಕಂಡಿತು. ಚೆಂಡು ತಿರುಗುತ್ತಲೇ ಇರಲಿಲ್ಲ.

ತಿರುಗುವ ಚೆಂಡು ಎಷ್ಟೇ ಬಾಗಲಿ, ಒಂದೇ ಕಡೆ ಬಾಗುತ್ತದೆ. ನಾಲ್ಕು ಸಲ ನೋಡಿದರೆ ಎದುರಿನವರು ಕಲಿತುಬಿಡುತ್ತಾರೆ. ತಿರುಗದ ಚೆಂಡಿನ ಹಿಂದೆ ಗಾಳಿ ಒಮ್ಮೆ ಈ ಕಡೆಯಿಂದ ಹೆಚ್ಚು ಕಳಚಿಕೊಳ್ಳುತ್ತದೆ, ಒಮ್ಮೆ ಆ ಕಡೆಯಿಂದ. ಅದು ಹೊಲಿಗೆಯ ಗೆರೆ ಎಲ್ಲಿದೆ ಎನ್ನುವುದರ ಮೇಲೂ ನಿಂತಿರುತ್ತದೆ. ಚೆಂಡು ಹೊಯ್ದಾಡುತ್ತದೆ. ಎಸೆದವರಿಗೂ ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ. ಇಷ್ಟು ವರ್ಷ ಕಷ್ಟಪಟ್ಟು ಚೆಂಡನ್ನು ತಿರುಗಿಸಲು ಕಲಿತವಳಿಗೆ ಈಗ ತಿರುಗಿಸಲು ಆಗದ ಕೈಯೇ ಒಂದು ಹೊಸ ಸರ್ವಿಸ್ ಕೊಟ್ಟಿತ್ತು. ಇದರಲ್ಲಿ ಪವಾಡವೇನೂ ಇಲ್ಲ, ಬರೀ ಗಾಳಿ. ಆದರೂ ಅವತ್ತು ನನಗೆ ತುಂಬಾ ಖುಷಿಯಾಯಿತು.

ಒಂದು ತೊಡಕಿತ್ತು. ತೋಳು ಬೇಗ ಸೋಲುತ್ತಿತ್ತು. ಸೋತಾಗ ಮೊಣಕೈ ಇಳಿಯುತ್ತಿತ್ತು, ಅಂಗೈ ಚೆಂಡಿನ ಹಿಂಭಾಗದಿಂದ ಜಾರುತ್ತಿತ್ತು, ಬೆರಳು ತಗಲುತ್ತಿತ್ತು. ಆಗ ಚೆಂಡು ತಿರುಗುತ್ತಾ, ನಿಧಾನಕ್ಕೆ, ಮೊದಲೇ ಹೇಳಿ ಬರುವ ಹಾಗೆ ಬರುತ್ತಿತ್ತು. ಅಂಥದನ್ನು ನನ್ನಂಥವಳೂ ಹಿಡಿಯಬಲ್ಲೆ. ಬೆರಳು ತಗಲಿದ್ದು ನನಗಿಂತ ಮೊದಲು ಅಕ್ಕನಿಗೆ ಗೊತ್ತಾಗುತ್ತಿತ್ತು. "ಇದು ಕೆಟ್ಟೋಯ್ತು," ಎಂದು ಚೆಂಡು ನೆಟ್ಟು ಮುಟ್ಟುವ ಮೊದಲೇ ಹೇಳುತ್ತಿದ್ದಳು.

ರಾಜ್ಯೋತ್ಸವದ ಭಾನುವಾರ ಬಂತು. ಪಾರ್ಕಿನ ಸುತ್ತ ಹಳದಿ ಕೆಂಪು ಬಾವುಟ, ಒಂದು ಮೂಲೆಯಲ್ಲಿ ಚಿತ್ರಾನ್ನ ಕೇಸರಿಬಾತು, ಇನ್ನೊಂದು ಮೂಲೆಯಲ್ಲಿ ಕಿವಿ ಕಿತ್ತುಹೋಗುವಂಥ ಸ್ಪೀಕರ್. ಎದುರಾಳಿಗಳು ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನ ಹೆಂಗಸರು. ಅವರಲ್ಲಿ ಎತ್ತರದ ಒಬ್ಬಳಿದ್ದಳು, ಮೂವತ್ತೈದರ ಸುಮಾರು. ಆಕೆಯ ಕೈಗೆ ಹೋದ ಚೆಂಡು ತಪ್ಪಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅಕ್ಕನಿಗೆ ಆಕೆಯ ಮೇಲೇ ಕಣ್ಣು. ಆಕೆ ನನ್ನ ಚೆಂಡು ಬಿಟ್ಟರೆ ನಾನು ಇನ್ನೂ ಆಟಗಾರ್ತಿ ಎಂದು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೆಳಿಗ್ಗೆಯಿಂದ ನಾಲ್ಕು ಸಲ ಆ ಎತ್ತರದವಳು ಬಂದಳಾ ಎಂದು ಕೇಳಿದ್ದಳು.

ಪಂದ್ಯ ಶುರುವಾಗುವ ಮೊದಲು ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಮೈಕು ಹಿಡಿದರು. ನಮ್ಮ ಕಡೆ ಯಾರ ಕೈಗಾದರೂ ಮೈಕು ಸಿಕ್ಕರೆ ಯಾರಿಗಾದರೂ ಸನ್ಮಾನ ಆಗಲೇಬೇಕು. "ಮಹಾಮಾರಿಯನ್ನು ಮೆಟ್ಟಿ ನಿಂತು, ಸಾವಿನ ದವಡೆಯಿಂದ ಮರಳಿ ಬಂದಿರುವ ನಮ್ಮ ಬಡಾವಣೆಯ ವೀರವನಿತೆ," ಎಂದು ಶುರುಮಾಡಿದರು. ನಮಗೆ ಯಾರಿಗೂ ಗೊತ್ತಿರಲಿಲ್ಲ, ಅಚ್ಚರಿ ಕೊಡಬೇಕೆಂದು ಗುಟ್ಟಾಗಿಟ್ಟಿದ್ದರಂತೆ. ಕಾಯಿಲೆಯ ಹೆಸರು, ಯಾವ ಭಾಗ, ಎಷ್ಟು ಔಷಧಿ ಎಲ್ಲವನ್ನೂ ಸ್ಪೀಕರಿನಲ್ಲಿ ಹೇಳಿದರು. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಹಾಕಿ, ತಲೆಗೆ ಬಟ್ಟೆ ಕಟ್ಟಿ ಆಡಲು ನಿಂತಿದ್ದವಳಿಗೆ ಶಾಲು ಹೊದಿಸಿದರು, ಬಟ್ಟೆಯ ಮೇಲೆಯೇ ಮೈಸೂರು ಪೇಟ ಇಟ್ಟರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕ ನಕ್ಕಳು, ಕೈ ಮುಗಿದಳು. ಬುಟ್ಟಿ ನನ್ನ ಕೈಗೆ ಕೊಡುವಾಗ ಆಕೆಯ ಮುಖ ನೋಡಿದೆ. ನನಗೆ ಅಧ್ಯಕ್ಷರ ಮೇಲೆ ಭಯಂಕರ ಸಿಟ್ಟು ಬಂತು. ಎದುರಿನ ತಂಡದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಎತ್ತರದವಳು ನೆಟ್ಟಿನ ಕೆಳಗೆ ನುಸುಳಿ ಬಂದು ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಒಂದು ಸೆಟ್ಟು ಅವರಿಗೆ, ಒಂದು ನಮಗೆ. ಮೂರನೆಯದು ಕೊನೆಗೆ ಬಂದು, ಗೆಲ್ಲಲು ನಮಗೆ ಮೂರೇ ಪಾಯಿಂಟು ಬೇಕಿದ್ದಾಗ ಸರ್ವಿಸ್ ಅಕ್ಕನ ಪಾಲಿಗೆ ಬಂತು. ನಾನು ಗೆರೆಯ ಹಿಂದೆ, ಆಕೆಯ ಪಕ್ಕದ ಬೆಂಚಿನಲ್ಲಿದ್ದೆ. ಅಲ್ಲಿಂದ ಚೆಂಡು ಪೂರ್ತಿ ಕಾಣುತ್ತಿತ್ತು. ಮೊದಲನೆಯದರಲ್ಲಿ ಬಣ್ಣಗಳು ಅಲುಗಲಿಲ್ಲ. ಎತ್ತರದವಳ ಮುಂದೆ ಅದು ಒಂದು ಗೇಣು ಸರಿಯಿತು, ಆಕೆಯ ಬೆರಳಿಗೆ ಬಡಿದು ಬಿತ್ತು. ಜನ ಕೂಗಿದರು. ಎರಡನೆಯದಕ್ಕೆ ಮೊಣಕೈ ಇಳಿಯಿತು. ಹಳದಿ ನೀಲಿ ಮಬ್ಬಾಗಿ ಕಲೆತವು. ಅದು ಮಗುವಿಗೆ ಎಸೆದ ಚೆಂಡಿನಂತೆ ನೇರವಾಗಿ ಎತ್ತರದವಳ ಕೈಗೇ ಹೋಯಿತು. ಆಕೆ ಬಿಟ್ಟಳು. ಮೂರನೆಯದೂ ಹಾಗೇ, ಆಕೆಯ ಪಕ್ಕದವಳು ಬಿಟ್ಟಳು. ನಾವು ಗೆದ್ದೆವು. ಅಧ್ಯಕ್ಷರು ಮತ್ತೆ ಮೈಕು ಹಿಡಿದರು.

ಮನೆಗೆ ನಡೆದು ಬರುವಾಗ ಅಕ್ಕ ಶಾಲನ್ನೂ ಪೇಟವನ್ನೂ ನನ್ನ ಕೈಯಲ್ಲಿದ್ದ ಬುಟ್ಟಿಗೆ ಹಾಕಿದಳು. ಗೇಟಿನ ಹತ್ತಿರ ನಿಂತು ಕೇಳಿದಳು.

"ನಿಜ ಹೇಳು. ಬಿಟ್ಕೊಟ್ರು ಅಲ್ವಾ?"

"ಮೊದಲನೇದು ನಿಮ್ಮದು ಅಕ್ಕ. ಅದು ತಿರುಗ್ಲಿಲ್ಲ, ನಾನು ನೋಡ್ದೆ. ಆಮೇಲಿನ ಎರಡು ಅವ್ರು ಕೊಟ್ಟಿದ್ದು."

"ಎರಡು ಕೊಟ್ಟೋರು ಮೊದಲನೇದೂ ಯಾಕೆ ಕೊಟ್ಟಿರ್ಬಾರ್ದು?"

ಚೆಂಡು ಯಾಕೆ ಹಾಗೆ ಹೋಯಿತೆಂದು ನಾನು ಹೇಳಬಲ್ಲೆ. ಹಿಡಿಯುವ ಕೈಯೊಳಗೆ ಏನಿತ್ತೆಂದು ಹೇಳುವುದು ನನ್ನ ಪಾಠದಲ್ಲಿ ಬರುವುದಿಲ್ಲ. "ಇನ್ಮೇಲೆ ಎಲ್ರೂ ಬಿಡ್ತಾನೇ ಇರ್ತಾರೆ," ಅಂದಳು ಅಕ್ಕ. ಆಕೆ ಅತ್ತಿದ್ದನ್ನು ನಾನು ಮೊದಲು ನೋಡಿದ್ದು ಆಗ. ಆಸ್ಪತ್ರೆಯಲ್ಲೂ ಅತ್ತವಳಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆಕೆ ಚೆಂಡನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಮೇಲೆ ಬಂದಳು. ನಾನು ಚಪ್ಪಲಿ ಹಾಕಿಕೊಂಡೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಬ್ಯಾಗು ನೋಡುವ ಹುಡುಗಿ ಚೆಂಡನ್ನು ಒತ್ತಿ ನೋಡಿ, "ಮೊಮ್ಮಕ್ಕಳಿಗಾ ಆಂಟಿ?" ಅಂದಳು. "ನಂಗೆ," ಅಂದಳು ಅಕ್ಕ. ರಾಜರಾಜೇಶ್ವರಿನಗರದಲ್ಲಿ ಇಳಿದು ಆಟೋ ಹಿಡಿದು ಆ ಅಪಾರ್ಟ್‌ಮೆಂಟಿಗೆ ಹೋದೆವು. ಅವರ ತಂಡ ಪಾರ್ಕಿಂಗ್ ಪಕ್ಕದ ಕೋರ್ಟಿನಲ್ಲಿ ಅಭ್ಯಾಸ ಮಾಡುತ್ತಿತ್ತು. ನಮ್ಮನ್ನು ನೋಡಿ ಎತ್ತರದವಳು ಗಾಬರಿಯಿಂದ ಓಡಿ ಬಂದಳು, ಕುರ್ಚಿ ತರಿಸಲು ಹೋದಳು.

"ಕುರ್ಚಿ ಬೇಡಮ್ಮ," ಅಂದಳು ಅಕ್ಕ. "ಅವತ್ತು ಚೆಂಡು ಬಿಟ್ರಿ. ಇವತ್ತು ಬಿಡದೆ ಆಡಿ. ಅಷ್ಟೇ ಕೇಳೋಕೆ ಬಂದೆ."

"ಇಲ್ಲ ಮೇಡಂ, ನಿಜವಾಗ್ಲೂ ಕೈ ಜಾರ್ತು."

ಅಕ್ಕ ಚೀಲದಿಂದ ಚೆಂಡು ಹೊರತೆಗೆದಳು. ಎತ್ತರದವಳು ತಲೆ ತಗ್ಗಿಸಿದಳು.

"ನಮ್ಮಮ್ಮಂಗೂ ಇದೇ ಆಗಿತ್ತು," ಅಂದಳು. "ಎರಡು ವರ್ಷ ಆಯ್ತು. ಉಳೀಲಿಲ್ಲ. ನಿಮ್ಮ ತಲೆಗೆ ಕಟ್ಟಿದ್ದ ಬಟ್ಟೆ ನೋಡಿದ್ಮೇಲೆ ನಂಗೆ ಹಿಡಿಯೋಕೆ ಮನಸ್ಸೇ ಬರ್ಲಿಲ್ಲ."

ಅಕ್ಕ ಹತ್ತಿರ ಹೋಗಿ ಆಕೆಯ ಕೆನ್ನೆ ಮುಟ್ಟಿದಳು. ಆಮೇಲೆ ಹೇಳಿದಳು. "ನಾನು ನಿಮ್ಮಮ್ಮ ಅಲ್ಲ ಕಣಮ್ಮ. ಹಿಡೀರಿ."

ನೆಟ್ಟಿನ ಆಚೆ ಎತ್ತರದವಳು ಒಬ್ಬಳೇ ನಿಂತಳು. ಅಕ್ಕ ಮೊದಲ ಚೆಂಡು ಹಾಕಿದಳು. ಬೆರಳು ತಗಲಿತ್ತು, ಅದು ಸಾಧುವಾಗಿ ಹೋಯಿತು. ಎತ್ತರದವಳು ಹಿಡಿದಳು, ಒಂದು ಗಳಿಗೆ ತಡೆದು, ವಾಪಸು ಎಸೆದಳು. ಮೆಲ್ಲಗೆ ಎಸೆದಳು. ಎರಡನೆಯದೂ ತಿರುಗಿತು, ಅದನ್ನೂ ಹಿಡಿದಳು. ಸಾಕು ಬನ್ನಿ ಎನ್ನಬೇಕೆಂದು ನನಗೆ ಬಾಯಿಯವರೆಗೂ ಬಂತು. ಅಕ್ಕ ಚೆಂಡನ್ನು ಟೀ ಶರ್ಟಿಗೆ ಒರೆಸಿ, ಅಂಗೈಯನ್ನು ಅದರ ಹಿಂದೆ ಆನಿಸಿ, ಹೆಜ್ಜೆ ಮುಂದಿಟ್ಟು ತಳ್ಳಿದಳು. ಹಳದಿ ಹಳದಿಯಾಗಿ, ನೀಲಿ ನೀಲಿಯಾಗಿ ಹೋಯಿತು. ಎತ್ತರದವಳು ಬಲಕ್ಕೆ ಹೆಜ್ಜೆ ಹಾಕಿದಳು, ಚೆಂಡು ಎಡಕ್ಕೆ ಹೋಯಿತು, ಆಕೆ ತಿರುಗಿ ಹಾರಿ ಕೈ ಚಾಚಿದಳು, ಎರಡು ಕೈ ಸೇರುವಷ್ಟರಲ್ಲಿ ಅದು ಆಕೆಯ ಕುತ್ತಿಗೆಗೆ ಬಡಿದು ಕೆಳಗೆ ಬಿತ್ತು. ಆಕೆಯೂ ಬಿದ್ದಳು. ಮೊಣಕಾಲು ತರಚಿತು.

"ಥೂ," ಅಂದಳು. ಎದ್ದು ಮಣ್ಣು ಒರೆಸಿಕೊಂಡಳು. ಮುಖ ಕೆಂಪಾಗಿತ್ತು. ಈಗ ಆಕೆಗೆ ನಾವು ಯಾರೆಂಬುದು, ಯಾರಿಗೆ ಏನಾಗಿತ್ತೆಂಬುದು ಏನೂ ನೆನಪಿರಲಿಲ್ಲ. ಚೆಂಡನ್ನು ಎತ್ತಿಕೊಂಡು ಅಕ್ಕನ ಎದೆಯ ನೇರಕ್ಕೆ, ಬಲವಿದ್ದಷ್ಟನ್ನೂ ಹಾಕಿ ಎಸೆದಳು. ಅಕ್ಕ ಎರಡೂ ಕೈಯಲ್ಲಿ ಅದನ್ನು ತಡೆದು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು.

"ಏನ್ ನೋಡ್ತಾ ನಿಂತ್ರಿ?" ಎಂದು ಎತ್ತರದವಳು ಸಿಟ್ಟಿನಲ್ಲೇ ಕೂಗಿದಳು. "ಹಾಕ್ರೀ ಇನ್ನೊಂದು. ಈ ಸಲ ಬಿಡಲ್ಲ."

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಅಷ್ಟು ಸಂತೋಷವನ್ನು ಆಕೆಯ ಮುಖದಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.